ಮಟ್ಟು ಮೊದಲು, ಮಾತು ಆಮೇಲೆ

ಪಿಯಾನೊ ಸಂಗೀತ ಕೇಳಿಸಿ ಕಥೆ ಬರೆಸುವುದು ಸೃಜನಶೀಲ ಬರವಣಿಗೆ ಕಲಿಸುವವರು ಬಳಸುವ ಅಭ್ಯಾಸಗಳಲ್ಲಿ ಒಂದು. ಮಾತಿಲ್ಲದ, ಮೂರು ನಾಲ್ಕು ನಿಮಿಷದ ವಾದ್ಯಕೃತಿಯೊಂದನ್ನು ಎರಡು ಮೂರು ಸಲ ಕೇಳಿಸುತ್ತಾರೆ. ಕೇಳಿದವರು ಒಬ್ಬ ವ್ಯಕ್ತಿಯನ್ನೋ ಒಂದು ಜಾಗವನ್ನೋ ಒಂದು ಘಟನೆಯನ್ನೋ ಹಿಡಿದು ಬರೆಯತೊಡಗುತ್ತಾರೆ. ಸಂಗೀತಗಾರರನ್ನು ಕುರಿತು ಬರೆಯುವುದು ಬೇರೆ, ಇದು ಬೇರೆ. ಮಾಸ್ತಿಯವರ ‘ಸುಬ್ಬಣ್ಣ’, ತ.ರಾ.ಸು. ಅವರ ‘ಹಂಸಗೀತೆ’, ಎಸ್.ಎಲ್. ಭೈರಪ್ಪನವರ ‘ಮಂದ್ರ’ ಇವುಗಳಲ್ಲಿ ಸಂಗೀತವೇ ಕಥೆಯ ವಸ್ತು. ಈ ಅಭ್ಯಾಸದಲ್ಲಿ ವಸ್ತು ಯಾವುದಾದರೂ ಆಗಬಹುದು: ಗುಬ್ಬಿಯ ಅಡಿಕೆ ತೋಟದ ಭಾಗದ ಜಗಳ, ತುಮಕೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ನೌಕರನ ಆಯಾಸ. ಆ ವಸ್ತು ಯಾವ ವೇಗದಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತು ಎರಡನೆಯ ಸಲ ಬರಬೇಕು ಎಂಬುದನ್ನು ಮಾತ್ರ ಸಂಗೀತದಿಂದ ಪಡೆಯುತ್ತಾರೆ.

ತುಮಕೂರು ಸೀಮೆಯಲ್ಲಿ ಪಿಯಾನೊ ಇರುವ ಮನೆ ಅಪರೂಪ. ಆದರೆ ಸ್ವರದ ಮನೆಗಳ, ಅಂದರೆ ಕೀಗಳ, ಮೇಲೆ ಬೆರಳಿಟ್ಟು ಕಥೆ ನಡೆಸುವ ಕಸುಬು ಇಲ್ಲಿಗೆ ಹೊಸದಲ್ಲ. ಪಿಯಾನೊದ ಮನೆಗಳಂತೆಯೇ ಬಿಳಿ ಕಪ್ಪು ಮನೆಗಳುಳ್ಳ ಹಾರ್ಮೋನಿಯಂ ನೂರು ವರ್ಷಕ್ಕೂ ಮಿಗಿಲಾಗಿ ಇಲ್ಲಿನ ನಾಟಕಗಳನ್ನು ನಡೆಸಿದೆ. ಪಿಯಾನೊ ಕೇಳಿ ಬರೆಯುವುದು ಹೇಗೆಂದು ತಿಳಿಯಲು ಗುಬ್ಬಿಯ ನಾಟಕ ಕಂಪನಿಯ ಹಾರ್ಮೋನಿಯಂಗಿಂತ ಹತ್ತಿರದ ದಾರಿ ಕನ್ನಡದವರಿಗೆ ಇಲ್ಲ.

ಎರಡೂ ವಾದ್ಯಗಳು ನೋಡಲು ದಾಯಾದಿಗಳು, ದನಿಯಲ್ಲಿ ಬೇರೆ ಬೇರೆ ಕುಲದವು. ಪಿಯಾನೊವನ್ನು 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ವಾದ್ಯ ತಯಾರಕ ರೂಪಿಸಿದ. ಮನೆಯನ್ನು ಒತ್ತಿದರೆ ಒಳಗಿನ ಸಣ್ಣ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರು ದನಿ. ಹುಟ್ಟಿದ ಗಳಿಗೆಯಿಂದಲೇ ಪಿಯಾನೊದ ಸ್ವರ ಕ್ಷೀಣಿಸತೊಡಗುತ್ತದೆ. ಕಾಲಿನಡಿಯ ಪೆಡಲ್ ಒತ್ತಿ ಹಿಡಿದರೆ ಇನ್ನಷ್ಟು ಹೊತ್ತು ಗುಂಯ್‌ಗುಡುತ್ತದೆ, ಅಷ್ಟೆ. ಇಂದಿನ ಪಿಯಾನೊದಲ್ಲಿ 88 ಮನೆಗಳಿವೆ, ಅಂದರೆ ಏಳು ಸ್ಥಾಯಿಗೂ ಹೆಚ್ಚು. ಹಾರ್ಮೋನಿಯಂಗೆ 1842ರಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡ್ರ್ ದಬೆಯ್ನ್ ಪೇಟೆಂಟ್ ಪಡೆದ. ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವ ರೂಪವನ್ನು ಮುಂದೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ತಯಾರಿಸಿದರು. ಅದರಲ್ಲಿ ಗಾಳಿ ಲೋಹದ ನಾಲಗೆಗಳನ್ನು ನಡುಗಿಸುತ್ತದೆ, ಗಾಳಿ ಇರುವವರೆಗೂ ಸ್ವರ ನಿಂತಿರುತ್ತದೆ. ಸ್ಥಾಯಿ ಮಾತ್ರ ಸಾಮಾನ್ಯವಾಗಿ ಮೂರು ಅಥವಾ ಮೂರೂವರೆ.

ಈ ವ್ಯತ್ಯಾಸ ಬರೆಯುವವರಿಗೆ ಮುಖ್ಯ. ಹಾರ್ಮೋನಿಯಂ ಗಾಯಕನ ಉಸಿರನ್ನು ಹಿಂಬಾಲಿಸುತ್ತದೆ. ನಟ ಎಳೆದಷ್ಟು ಅದೂ ಎಳೆಯುತ್ತದೆ, ಆದ್ದರಿಂದ ಅದು ಮಾತಿಗೆ ಹತ್ತಿರ. ಪಿಯಾನೊ ಉಸಿರಾಡುವುದಿಲ್ಲ. ಒಂದು ಸ್ವರ ಸಾಯುವ ಮುಂಚೆ ಇನ್ನೊಂದು ಹುಟ್ಟಬೇಕು, ಇಲ್ಲವೇ ಮೌನವನ್ನು ಒಪ್ಪಿಕೊಳ್ಳಬೇಕು. ಪಿಯಾನೊ ಕೃತಿಗಳಲ್ಲಿ ಮೌನಕ್ಕೆ ಅಷ್ಟೊಂದು ಬೆಲೆ ಬಂದದ್ದು ಇದರಿಂದ. ಜತೆಗೆ ಎಡಗೈಯದೇ ಒಂದು ದಾರಿ, ಬಲಗೈಯದೇ ಒಂದು ದಾರಿ. ಕಥೆಗಾರನಿಗೆ ಸದಾ ತಲೆನೋವಾಗುವ ಎರಡು ಎಳೆಗಳು, ಹಿನ್ನೆಲೆಯದೊಂದು ಮುನ್ನೆಲೆಯದೊಂದು, ಒಬ್ಬನೇ ವಾದಕನ ಎರಡು ಕೈಗಳಲ್ಲಿ ಒಟ್ಟಿಗೆ ಕೇಳುತ್ತವೆ.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಬಾಲನಟನಾಗಿ ಸೇರಿದ ವೀರಣ್ಣ ಮುಂದೆ ಅದರ ಒಡೆಯರಾದರು, ಜನ ಅದನ್ನು ಗುಬ್ಬಿ ಕಂಪನಿ ಎಂದೇ ಕರೆದರು. ‘ಸದಾರಮೆ’ಯ ಕಳ್ಳನ ಪಾತ್ರ, ಆನೆ ಕುದುರೆಗಳನ್ನು ರಂಗಕ್ಕೆ ತಂದ ‘ಕುರುಕ್ಷೇತ್ರ’ ಇವುಗಳ ಸುದ್ದಿ ಎಲ್ಲರಿಗೂ ಗೊತ್ತು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಅಲ್ಲಿ ಪಳಗಿದರೆಂಬುದೂ ಗೊತ್ತು. ಕಂಪನಿ ನಾಟಕಗಳನ್ನು ಬರೆಯುತ್ತಿದ್ದ ರೀತಿಯ ಕಡೆಗೆ ಗಮನ ಹೋದದ್ದು ಕಡಿಮೆ.

ಕಂಪನಿ ನಾಟಕದ ಹಾಡು ಸಾಮಾನ್ಯವಾಗಿ ಹೊಸ ಸಾಹಿತ್ಯ, ಹಳೆಯ ಮಟ್ಟು. ಪಾರ್ಸಿ ಮತ್ತು ಮರಾಠಿ ಕಂಪನಿಗಳು ಹಾಡಿ ಜನಪ್ರಿಯಗೊಳಿಸಿದ ಧಾಟಿಗಳು, ಕರ್ನಾಟಕ ಸಂಗೀತದ ಕೀರ್ತನೆಗಳ ನಡೆ, ಆಮೇಲೆ ಹಿಂದಿ ಸಿನಿಮಾ ಹಾಡುಗಳು, ಯಾವುದು ಜನರ ಕಿವಿಯಲ್ಲಿ ನಿಂತಿದೆಯೋ ಅದು ಸಲ್ಲುತ್ತಿತ್ತು. ಹಾರ್ಮೋನಿಯಂನವರು ಮಟ್ಟನ್ನು ನುಡಿಸುತ್ತಿದ್ದರು, ಕವಿ ಅದಕ್ಕೆ ಮಾತು ಕೂಡಿಸುತ್ತಿದ್ದ. ನಾಟಕದ ಹಾಡಿನ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳದ ಜತೆಗೆ ಇಂಥ ಹಾಡಿನ ಮಟ್ಟು ಎಂದು ಅಚ್ಚಾಗುತ್ತಿತ್ತು. ಇದನ್ನು ನಕಲು ಎಂದು ತಳ್ಳಿಹಾಕಿದ ಪಂಡಿತರಿದ್ದರು. ಸಿದ್ಧವಾದ ನಡೆಯೊಳಗೆ ಪಾತ್ರದ ದುಃಖವನ್ನೋ ಕೊಂಕನ್ನೋ ಹಿಡಿಸುವುದು ಎಷ್ಟು ಕಷ್ಟವೆಂಬುದು ಕೂತು ಬರೆದವರಿಗೆ ಗೊತ್ತು. ಮಟ್ಟಿನ ಎರಡನೆಯ ಸಾಲು ಮೇಲಕ್ಕೆ ಏರುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ಪ್ರಶ್ನೆಯೋ ಆಣೆಯೋ ಬೈಗುಳವೋ ಬರಬೇಕು, ಸುಮ್ಮನೆ ಒಂದು ವಿವರ ಬಂದರೆ ಹಾಡು ಕೂತುಬಿಡುತ್ತದೆ. ಹೀಗೆ ಪಾತ್ರ ಏನನ್ನಬೇಕು ಎಂಬುದನ್ನೂ ಒಂದಿಷ್ಟು ಆ ಮಟ್ಟೇ ತೀರ್ಮಾನಿಸುತ್ತಿತ್ತು.

ತುಮಕೂರು ಬಳಿಯ ಬೆಳ್ಳಾವಿಯ ನರಹರಿ ಶಾಸ್ತ್ರಿಗಳು ಈ ಕಸುಬಿನಲ್ಲಿ ಪಳಗಿದ ಕೈ. ನಾಟಕ ಕಂಪನಿಗಳಿಗೆ ಪೌರಾಣಿಕ ನಾಟಕಗಳನ್ನು ಬರೆದ ಅವರೇ 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಸಂಭಾಷಣೆ ಮತ್ತು ಹಾಡು ಬರೆದರು. ಹಾಗಾಗಿ ಮಟ್ಟಿಗೆ ಮಾತು ಕೂಡಿಸುವ ಕಂಪನಿಯ ಪದ್ಧತಿ ಸಿನಿಮಾಕ್ಕೂ ದಾಟಿತು. ಕುಣಿಗಲ್ಲನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲೇ ಇಟ್ಟುಕೊಂಡಿದ್ದ ಕು.ರಾ. ಸೀತಾರಾಮ ಶಾಸ್ತ್ರಿ, ಜನ ಬಲ್ಲಂತೆ ಕು.ರಾ.ಸೀ., 1958ರ ‘ಭೂಕೈಲಾಸ’ಕ್ಕೆ ಬರೆದಾಗ ಅದೇ ಚಿತ್ರ ತೆಲುಗಿನಲ್ಲೂ ತಯಾರಾಗುತ್ತಿತ್ತು. ಎರಡು ಭಾಷೆಗೂ ರಾಗ ಸಂಯೋಜನೆ ಒಂದೇ. ಅದೇ ಸ್ವರಗಳ ಮೇಲೆ ಕನ್ನಡ ಕನ್ನಡವಾಗಿಯೇ ನಿಲ್ಲುವಂತೆ ಬರೆದದ್ದು ಅವರ ಸಾಧನೆ.

ಹಾಡು ಕಥೆಯ ಒಂದು ತುಂಡು ಮಾತ್ರ. ಇಡೀ ಕಥೆಯ ಓಟವನ್ನೂ ಹಾರ್ಮೋನಿಯಂ ನಿಯಂತ್ರಿಸುತ್ತಿದ್ದುದನ್ನು ನೋಡಬೇಕಾದರೆ ಹಳ್ಳಿಯ ಪೌರಾಣಿಕ ನಾಟಕಗಳಿಗೆ ಹೋಗಬೇಕು. ಗುಬ್ಬಿ, ಕುಣಿಗಲ್, ತುರುವೇಕೆರೆ ಕಡೆಯ ಊರುಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ‘ಕುರುಕ್ಷೇತ್ರ’ ಆಡುವುದು ಇಂದಿಗೂ ನಿಂತಿಲ್ಲ. ಅಲ್ಲಿ ನಿರ್ದೇಶಕ ಎಂಬ ಪದ ಕರಪತ್ರದಲ್ಲಿ ಇರಬಹುದು, ಊರವರ ಬಾಯಲ್ಲಿ ಅವರು ‘ಹಾರ್ಮೋನಿಯಂ ಮೇಷ್ಟ್ರು’. ಕಂದಪದ್ಯ ಹೇಳಿಸುವವರು ಅವರು, ದುರ್ಯೋಧನನ ನಡಿಗೆ ತೋರಿಸುವವರು ಅವರು, ಮಾತು ಮರೆತವನಿಗೆ ಸ್ವರ ಕೊಟ್ಟು ಎತ್ತುವವರೂ ಅವರೇ. ರಂಗದ ಮುಂದೆ ರೋಡ್ ಸೀನಿನ ಪರದೆ ಬಿದ್ದು ಅದರ ಹಿಂದೆ ದರ್ಬಾರು ಸಿದ್ಧವಾಗುವಷ್ಟು ಹೊತ್ತು ಹಾಸ್ಯಗಾರನ ದೃಶ್ಯ ನಡೆಯಬೇಕು. ದರ್ಬಾರು ತಡವಾದರೆ ಹಾಸ್ಯ ಎಳೆಯಬೇಕು. ಮೇಷ್ಟ್ರ ಬೆರಳು ಅದನ್ನು ಅಳೆಯುತ್ತದೆ. ರಾಜ ಬರುವ ಮುಂಚೆ ರಾಜನ ಸ್ವರ ಬಂದಿರುತ್ತದೆ, ಸಾವಿನ ಸುದ್ದಿ ಬರುವ ಮುಂಚೆ ಹಾರ್ಮೋನಿಯಂ ಪೆಟ್ಟಿಗೆ ಮಂದ್ರಕ್ಕೆ ಇಳಿದಿರುತ್ತದೆ. ಪ್ರವೇಶ, ವಿಳಂಬ, ಮುನ್ಸೂಚನೆ, ತಿರುವು ಎಂದು ಕಥನಶಾಸ್ತ್ರದವರು ಹೆಸರಿಡುವ ಬಹುಪಾಲು ಸಂಗತಿಗಳು ಚಪ್ಪರದಡಿ ಕೂತವರಿಗೆ ಕಿವಿಯ ಮೂಲಕವೇ ಬಂದವು.

ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ಸೇರಿ ಬೆಳೆದ ಬಿ.ವಿ. ಕಾರಂತರನ್ನು ವೀರಣ್ಣನವರೇ ಓದಲು ಬನಾರಸ್ಸಿಗೆ ಕಳಿಸಿದರು. ಮುಂದೆ ರಂಗಸಂಗೀತ ಎಂಬುದಕ್ಕೇ ಅವರು ಬೇರೆ ಅರ್ಥ ಕೊಟ್ಟರು. ಅವರ ನಾಟಕಗಳಲ್ಲಿ ಸಂಗೀತ ದೃಶ್ಯಕ್ಕೆ ಅಂಟಿಸಿದ ಅಲಂಕಾರವಾಗದೆ ದೃಶ್ಯವನ್ನು ಕಟ್ಟುವ ಸಾಮಗ್ರಿಯಾಯಿತು. ಇಂಪಲ್ಲದ ಸದ್ದಿಗೂ, ಬರೀ ಉಚ್ಚಾರಣೆಗೂ ಅಲ್ಲಿ ಜಾಗವಿತ್ತು. ಕಥೆ ಬರೆಯುವವರು ಕಾರಂತರಿಂದ ಕಲಿಯಬಹುದಾದದ್ದು ಇದನ್ನೇ: ಇಂಪನ್ನು ಬಿಟ್ಟು ಕೃತಿ ಹೇಗೆ ಕಟ್ಟಿದೆ ಎಂದು ಕೇಳುವುದು.

ಪಿಯಾನೊ ಕಡೆಗೆ ಬಂದರೆ, ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ರಚಿಸಿದ ಕೃತಿಗಳಿಗೆ ಆ ವಾದ್ಯದಲ್ಲಿ ಕೊರತೆಯಿಲ್ಲ. ಜರ್ಮನಿಯ ರಾಬರ್ಟ್ ಶೂಮನ್ 1838ರಲ್ಲಿ ಬಾಲ್ಯದ ದೃಶ್ಯಗಳ ಒಂದು ಗುಚ್ಛ ರಚಿಸಿದ. ರಷ್ಯದ ಮುಸೋರ್ಗ್‌ಸ್ಕಿ 1874ರಲ್ಲಿ, ತೀರಿಹೋದ ಚಿತ್ರಕಾರ ಗೆಳೆಯನ ಪ್ರದರ್ಶನದಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆದುಹೋಗುವುದನ್ನೇ ಸಂಗೀತವಾಗಿಸಿದ. ನಡಿಗೆಯ ಸ್ವರ ಪ್ರತಿ ಸಲ ಬಂದಾಗಲೂ ನೋಡುಗನ ಮನಸ್ಸು ಬೇರೆಯಾಗಿರುತ್ತದೆ. ಫ್ರಾನ್ಸಿನ ಡಿಬ್ಯುಸಿ 1910 ಮತ್ತು 1913ರಲ್ಲಿ ಪ್ರಕಟಿಸಿದ ಪ್ರಿಲ್ಯೂಡ್‌ಗಳಿಗೆ ಹೆಸರಿಟ್ಟ, ಆದರೆ ಆ ಹೆಸರುಗಳನ್ನು ಕೃತಿಯ ತಲೆಯ ಮೇಲೆ ಅಚ್ಚು ಹಾಕಿಸಲಿಲ್ಲ, ಕೊನೆಯ ಸ್ವರ ಮುಗಿದ ಮೇಲೆ ಪುಟದ ಅಡಿಯಲ್ಲಿ ಹಾಕಿಸಿದ. ಮೊದಲು ಕೇಳು, ಚಿತ್ರ ಆಮೇಲೆ ಬರಲಿ ಎಂಬ ಈ ಏರ್ಪಾಡು ಬರವಣಿಗೆಯ ಅಭ್ಯಾಸಕ್ಕೂ ಒಪ್ಪುತ್ತದೆ. ‘ಬೆಳದಿಂಗಳು’ ಎಂದು ಹೆಸರಾದ ಬೇಥೊವನ್‌ನ 1801ರ ಸೊನಾಟಾಕ್ಕೆ ಆ ಹೆಸರು ಅವನು ಕೊಟ್ಟದ್ದಲ್ಲ, ಅವನು ಸತ್ತ ಮೇಲೆ ವಿಮರ್ಶಕನೊಬ್ಬ ಹೇಳಿದ ಹೋಲಿಕೆ ಅಂಟಿಕೊಂಡದ್ದು. ಹೆಸರು ಮೊದಲೇ ಗೊತ್ತಿದ್ದವರು ಅದನ್ನು ಕೇಳಿ ಬೆಳದಿಂಗಳನ್ನಷ್ಟೇ ಬರೆಯುತ್ತಾರೆ.

ಮೈಸೂರು ಸಂಸ್ಥಾನಕ್ಕೆ ಈ ಲೋಕದೊಡನೆ ನೇರ ನಂಟೂ ಇದೆ. ತುಮಕೂರು ಸೇರಿದ್ದ ಆ ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜ ಒಡೆಯರ್ ಸ್ವತಃ ನುರಿತ ಪಿಯಾನೊ ವಾದಕರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. 1940ರಲ್ಲಿ ಪಟ್ಟಕ್ಕೆ ಬರಬೇಕಾಗಿ ಬಂದಾಗ ವಾದಕನಾಗುವ ಆಸೆ ಹಿಂದೆ ಉಳಿಯಿತು. ಮುಂದೆ ಅವರ ಮನಸ್ಸು ಕರ್ನಾಟಕ ಸಂಗೀತದ ಕಡೆ ತಿರುಗಿ 94 ಕೃತಿಗಳು ಹುಟ್ಟಿದವು. ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ಬದುಕುತ್ತಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಲು ಹಣ ಕೊಟ್ಟವರು ಈ ಮಹಾರಾಜರೇ. 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಕಂಪನಿ ಆ ತಟ್ಟೆಗಳನ್ನು ತಂದಿತು, ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ. ಈ ಮೆಟ್ನರ್ ಬರೆದ ಮುಖ್ಯ ಕೃತಿಗಳಲ್ಲಿ 30ಕ್ಕೂ ಹೆಚ್ಚು ಪುಟ್ಟ ಪಿಯಾನೊ ರಚನೆಗಳಿವೆ. ಅವುಗಳಿಗೆ ಅವನಿಟ್ಟ ಹೆಸರು ‘ಸ್ಕಾಜ್ಕಿ’, ಅಂದರೆ ಕಥೆಗಳು. ಬಹುತೇಕ ಕಥೆಗಳಲ್ಲಿ ಏನು ನಡೆಯಿತೆಂದು ಅವನು ಹೇಳುವುದೇ ಇಲ್ಲ. ಯಾರೋ ಹೇಳುತ್ತಿದ್ದಾರೆ ಎಂಬುದು ಮಾತ್ರ ಕೇಳುತ್ತದೆ. ಕೇಳಿ ಬರೆಯುವವರಿಗೆ ಇವುಗಳಿಗಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ, ಮತ್ತು ಇವು ಉಳಿಯುವುದರಲ್ಲಿ ಮೈಸೂರಿನ ಪಾಲೂ ಇದೆ.

ಇನ್ನು ಅಭ್ಯಾಸ ಹೇಗೆ ಎಂಬುದು. ಮೊದಲ ಸಲ ಕೇಳುವಾಗ ಪೆನ್ನು ಹಿಡಿಯದಿರುವುದು ವಾಸಿ. ಎರಡನೆಯ ಸಲಕ್ಕೆ ಕೆಲವು ಪ್ರಶ್ನೆ ಕೇಳಿಕೊಳ್ಳಬಹುದು: ಯಾವುದು ಮರಳಿ ಬಂತು, ಮರಳಿ ಬಂದಾಗ ಏನು ಬದಲಾಗಿತ್ತು, ಎಲ್ಲಿ ನಿಂತಿತು. ಇವಕ್ಕೆ ಉತ್ತರ ಸಿಕ್ಕರೆ ಕಥೆಯ ಅಸ್ಥಿಪಂಜರ ಸಿಕ್ಕಿತು. ವಸ್ತುವನ್ನು ಆಮೇಲೆ ತಮ್ಮ ಊರಿನಿಂದಲೇ ತರಬೇಕು, ಪ್ಯಾರಿಸ್ಸಿನ ಮಳೆಯನ್ನು ತರುವ ಅಗತ್ಯವಿಲ್ಲ.

ಎರಿಕ್ ಸಾಟಿಯ 1888ರ ಮೊದಲ ‘ಜಿಮ್ನೊಪೆಡಿ’ ಮೊಬೈಲಿನಲ್ಲಿ ಸುಲಭವಾಗಿ ಸಿಗುವ ಕೃತಿ. ಮೂರು ಎಣಿಕೆಯ ನಿಧಾನ ನಡೆ. ಎಡಗೈ ಕೆಳಗಿನ ಒಂದು ಸ್ವರ ಮುಟ್ಟುತ್ತದೆ, ಮೇಲೆ ಒಂದು ಸ್ವರಗುಚ್ಛ ಒತ್ತುತ್ತದೆ, ಮತ್ತೆ ಅದನ್ನೇ ಕೊಂಚ ಬದಲಿಸಿ ಮಾಡುತ್ತದೆ. ಹೀಗೆ ನಾಲ್ಕು ಸುತ್ತು ಕಳೆದ ಮೇಲಷ್ಟೇ ಬಲಗೈಯ ರಾಗ ಪ್ರವೇಶಿಸುತ್ತದೆ. ಕಥೆಯಲ್ಲಿ ಇದು ಏನಾಗಬಹುದು? ತುಮಕೂರಿನ ಅಮಾನಿಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯವರು ಹೋಗುತ್ತಾರೆ, ಬರುತ್ತಾರೆ. ಎರಡು ಮೂರು ಪ್ಯಾರಾ ಅಷ್ಟೇ ಆಗುತ್ತದೆ, ಹೆಸರಿರುವ ಮನುಷ್ಯ ಒಬ್ಬನೂ ಇಲ್ಲ. ಆಮೇಲೆ, ನಡಿಗೆಗೆ ಬಂದವಳಲ್ಲದ ಒಬ್ಬ ಹೆಂಗಸು ಏರಿಯ ಮೇಲೆ ಕಾಣುತ್ತಾಳೆ. ಸಾಮಾನ್ಯ ಕಥೆಗಾರ ಅವಳನ್ನು ಮೊದಲ ಸಾಲಿನಲ್ಲೇ ತರುತ್ತಿದ್ದ. ಸಾಟಿ ಅವಳನ್ನು ತಡೆದು ನಿಲ್ಲಿಸಿದ. ನಡಿಗೆಯವರು ಯಾರೂ ಅವಳ ಕಡೆ ತಿರುಗಿ ನೋಡುವುದಿಲ್ಲ ಎಂಬುದನ್ನು ಕೊನೆಯವರೆಗೂ ಬದಲಾಗದ ಎಡಗೈಯ ನಡೆ ಹೇಳಿಕೊಡುತ್ತದೆ.

ಶೂಮನ್ 1848ರಲ್ಲಿ ಮಕ್ಕಳಿಗಾಗಿ ಬರೆದ ಸಂಕಲನದಲ್ಲಿ ‘ಒರಟು ಸವಾರ’ ಎಂಬ ಅರ್ಥದ ಹೆಸರುಳ್ಳ ಒಂದು ತುಣುಕಿದೆ. ಪೂರ್ತಿ ನುಡಿಸಿದರೂ ಒಂದು ನಿಮಿಷವಾಗದು. ಹೈದರ್, ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರಂ ಇರುವ ಕುಣಿಗಲ್ಲಿನ ಮಕ್ಕಳಿಗೆ ಕುದುರೆಯ ಓಟದ ಲಯ ಗುರುತಿಸಲು ಪಾಠ ಬೇಕಿಲ್ಲ. ಆದರೆ ಕುದುರೆಗಿಂತ ಮುಖ್ಯವಾದ ಸಂಗತಿ ಆ ತುಣುಕಿನಲ್ಲಿ ಇನ್ನೊಂದಿದೆ. ಓಟದ ರಾಗ ಮೊದಲು ಬಲಗೈಯಲ್ಲಿ ಬರುತ್ತದೆ, ನಡುವೆ ಬೇರೆ ಶ್ರುತಿಗೆ ಜಿಗಿದು ಎಡಗೈಗೆ ಇಳಿಯುತ್ತದೆ, ಮತ್ತೆ ಬಲಗೈಗೆ ಮರಳುತ್ತದೆ. ಒಂದೇ ಘಟನೆಯನ್ನು ಎರಡು ಬಾಯಲ್ಲಿ ಹೇಳಿಸಿದಂತಾಯಿತು. ಹಟ ಹಿಡಿದ ಮರಿಯೊಂದು ಬೇಲಿ ಹಾರಿದ್ದನ್ನು ಮೊದಲು ಸವಾರಿ ಕಲಿಯುತ್ತಿದ್ದ ಹುಡುಗ ಹೇಳಲಿ. ನಡುವಿನ ಭಾಗ, ಹುಲ್ಲು ಹೊತ್ತು ಬರುತ್ತಿದ್ದ ಲಾಯದ ಮುದುಕನದಾಗಲಿ. ಕೊನೆಗೆ ಮತ್ತೆ ಹುಡುಗ. ಮಾತು ಮೊದಲಿನದೇ ಆದರೂ ಓದುಗ ಈಗ ಹುಡುಗನನ್ನು ಅಷ್ಟಾಗಿ ನಂಬುವುದಿಲ್ಲ.

ಶೊಪಾನ್‌ನ 24 ಪ್ರಿಲ್ಯೂಡ್‌ಗಳಲ್ಲಿ ಹದಿನೈದನೆಯದಕ್ಕೆ ಜನ ‘ಮಳೆಹನಿ’ ಎಂದು ಹೆಸರಿಟ್ಟಿದ್ದಾರೆ. ಒಂದೇ ಸ್ವರ, ಒಂದೇ ಕಪ್ಪು ಮನೆ, ಉದ್ದಕ್ಕೂ ತಟ್ಟುತ್ತಿರುತ್ತದೆ. ಮೊದಲ ಭಾಗದಲ್ಲಿ ಅದು ಮೇಲಿನ ಹಿತವಾದ ರಾಗಕ್ಕೆ ಆಧಾರ. ನಡುವಿನ ಭಾಗದಲ್ಲಿ ಸುತ್ತಲ ಸ್ವರಗಳು ಕಪ್ಪಿಟ್ಟು ಕೆಳಗಿನಿಂದ ಏರಿ ಬರುತ್ತವೆ, ಅದೇ ತಟ್ಟುವಿಕೆ ಈಗ ಹೆದರಿಸುತ್ತದೆ. ವಾದಕನ ಬೆರಳು ಮಾತ್ರ ಒತ್ತುತ್ತಿರುವುದು ಆ ಹಳೆಯ ಮನೆಯನ್ನೇ. ಇದನ್ನು ಹಾರ್ಮೋನಿಯಂ ಮೇಲೂ ಪರೀಕ್ಷಿಸಬಹುದು: ಒಂದು ಸ್ವರ ಹಿಡಿದು ಅದರ ಕೆಳಗಿನ ಸ್ವರಗಳನ್ನಷ್ಟೇ ಬದಲಿಸುತ್ತ ಹೋದರೆ ಸಾಕು. ಕಥೆಗೆ ಇದು ದೊಡ್ಡ ಉಪಾಯ. ರಾತ್ರಿ ಬಾಗಿಲು ತಟ್ಟುವ ಸದ್ದು ಮೊದಲ ಪುಟದಲ್ಲಿ ಮಗ ಮನೆಗೆ ಬಂದ ನೆಮ್ಮದಿ. ಸಾಲದವರು ಹುಡುಕತೊಡಗಿದ ಮೇಲೆ ನಡುಪುಟದಲ್ಲಿ ಅದೇ ಸದ್ದು. ಬರೆಯುವವರು ಸದ್ದಿನ ವರ್ಣನೆಯ ಒಂದು ಅಕ್ಷರವನ್ನೂ ಬದಲಿಸಬೇಕಿಲ್ಲ.

ಕೆಲವು ಎಚ್ಚರಗಳೂ ಇವೆ. ಪಿಯಾನೊ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಮಾತು ಬಹಳ ಹರಡಿದೆ. ಅದರ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಚಿಕ್ಕ ವರದಿ: ಮೊಜಾರ್ಟ್‌ನ ಎರಡು ಪಿಯಾನೊಗಳ ಸೊನಾಟಾ ಕೇಳಿದ 36 ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಊಹಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷದ ಮಟ್ಟಿಗೆ ಕೊಂಚ ಮೇಲೆ ಬಂದರು. ಕಥೆ ಬರೆಯುವ ಶಕ್ತಿಯ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ, ಆಮೇಲಿನ ಎಷ್ಟೋ ಪ್ರಯೋಗಗಳಲ್ಲಿ ಆ ಫಲಿತಾಂಶವೂ ಅದೇ ಬಲದಲ್ಲಿ ಕಾಣಲಿಲ್ಲ. ಪಿಯಾನೊ ಸಂಗೀತದ ನಿಜವಾದ ಅನುಕೂಲ ಸರಳವಾದದ್ದು. ಅದರಲ್ಲಿ ಮಾತಿಲ್ಲ. ಹಾಡು ಕೇಳುತ್ತ ಬರೆದರೆ ಹಾಡಿನ ಪದಗಳು ಬರೆಯುವ ಪದಗಳೊಡನೆ ಜಗಳಕ್ಕೆ ಬೀಳುತ್ತವೆ.

ಎರಡನೆಯ ತೊಡಕು ಕನ್ನಡದ ಕಿವಿಗೆ ಸಂಬಂಧಿಸಿದ್ದು. ರಾಗಗಳನ್ನು ಕೇಳಿ ಬೆಳೆದ ಕಿವಿ ಪಿಯಾನೊದ ಬಲಗೈಯನ್ನು ಮಾತ್ರ ಹಿಂಬಾಲಿಸಿ ಎಡಗೈಯನ್ನು ಶ್ರುತಿಯೆಂದು ಬಿಟ್ಟುಬಿಡುತ್ತದೆ. ಗಮಕ ಬರುವುದಿಲ್ಲವೆಂಬ ಕೊರಗೂ ಹಳೆಯದೇ. ಹಾರ್ಮೋನಿಯಂ ಮೇಲೂ ಇದೇ ಆಕ್ಷೇಪ ಬಂದು 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು, ಬಿಗಿ ಸಡಿಲವಾದದ್ದು 1970ರ ದಶಕದಲ್ಲಿ. ಹಳ್ಳಿಯ ಮೇಷ್ಟ್ರಿಗೆ ಅದು ತಟ್ಟಲಿಲ್ಲ, ರೇಡಿಯೊದಲ್ಲಿ ಸಲ್ಲದ ಪೆಟ್ಟಿಗೆ ಚಪ್ಪರದಲ್ಲಿ ಮೊಳಗುತ್ತಲೇ ಇತ್ತು. ಪಿಯಾನೊ ಕೇಳುವಾಗ ಒಂದು ಸಲ ಬರೀ ಕೆಳಗಿನ ಸ್ವರಗಳಿಗೆ ಕಿವಿಗೊಡುವುದು ಒಳ್ಳೆಯ ಅಭ್ಯಾಸ. ಕಥೆಯ ತಿರುವು ಅನೇಕ ಸಲ ಅಲ್ಲಿ ಮೊದಲು ಸುಳಿಯುತ್ತದೆ.

ಸಿನಿಮಾದ ಹಿನ್ನೆಲೆ ಸಂಗೀತ ಕಲಿಸಿದ ಚಾಳಿ ಮೂರನೆಯದು. ನಿಧಾನದ ಪಿಯಾನೊ ಎಂದರೆ ವಿರಹ, ಮಳೆ, ಕಿಟಕಿ, ಹಳೆಯ ಕಾಗದ. ಹತ್ತು ಜನರಿಗೆ ಕೇಳಿಸಿದರೆ ಎಂಟು ಜನ ಇದನ್ನೇ ಬರೆದಾರು. ಸಂಗೀತದ ಭಾವವನ್ನು ಕಥೆಯ ಭಾವವಾಗಿ ನೇರವಾಗಿ ಇಳಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಗುಬ್ಬಿ ಕಂಪನಿಯ ಕವಿ ಭಕ್ತಿಯ ಮಟ್ಟಿಗೆ ಹಾಸ್ಯದ ಮಾತು ಕೂಡಿಸಿದರೆ ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಿದ್ದರು. ನಡೆಯನ್ನು ಇಟ್ಟುಕೊಂಡು ಭಾವವನ್ನು ತಿರುಗಿಸುವ ಆ ಸ್ವಾತಂತ್ರ್ಯ ಗದ್ಯ ಬರೆಯುವವರಿಗೂ ಇದೆ. ಸಾಟಿಯ ನಿಧಾನದಲ್ಲಿ ತಾಲ್ಲೂಕು ಕಚೇರಿಯ ಕ್ಯೂ ಬರೆಯಬಹುದು.

ಮೊದಲ ಕರಡು ಮುಗಿದ ಮೇಲೆ ಸಂಗೀತವನ್ನು ನಿಲ್ಲಿಸಿ, ಬರೆದದ್ದನ್ನು ಒಂದೆರಡು ದಿನ ಬಿಟ್ಟು ಗಟ್ಟಿಯಾಗಿ ಓದಬೇಕು. ಸ್ವರ ಕಿವಿಯಲ್ಲಿರುವಾಗ ಪೇಲವ ವಾಕ್ಯವೂ ತುಂಬಿದಂತೆ ಕಾಣುತ್ತದೆ, ಮೌನದಲ್ಲಿ ಅದರ ಬಣ್ಣ ಬಯಲಾಗುತ್ತದೆ. ಕಂಪನಿಯ ಹಾಡಿನ ಪುಸ್ತಕ ತಲೆಯ ಮೇಲೆ ಮಟ್ಟಿನ ಹೆಸರು ಹಾಕಿ, ಇದನ್ನು ಇಂತಲ್ಲಿಂದ ನೆನಪಿಸಿಕೊಳ್ಳಿ ಎಂದು ಓದುಗನಿಗೆ ಹೇಳಬಹುದಿತ್ತು. ಕಥೆಗೆ ಆ ಸವಲತ್ತಿಲ್ಲ. ಯಾವ ಕೃತಿ ಕೇಳಿ ಬರೆದದ್ದೆಂದು ತಿಳಿಸದಿದ್ದರೆ ಕಥೆಯ ಒಂದು ಪ್ಯಾರಾ ನಿಲ್ಲುವುದಿಲ್ಲ ಅನಿಸಿದರೆ, ಆ ಪ್ಯಾರಾವನ್ನು ಮತ್ತೆ ಬರೆಯಬೇಕು.